ಮಂದಿಯ ನಡುವಿನ ಮನುಷ್ಯ

ಹಲವರು ಒಂದೆಡೆ ಸೇರಿರುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಗುಂಪು, ತಂಡ, ಕೂಟ, ನೆರವಿ, ಸಂದಣಿ, ಜಂಗುಳಿ, ಪರಿಷೆ, ಗೋಷ್ಠಿ ಇವೆಲ್ಲವೂ ಸಮೂಹವಾಚಕಗಳೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಅರ್ಥ ಕೆಡುತ್ತದೆ. ಜಂಗುಳಿ ಎಂದೊಡನೆ ತಳ್ಳಾಟ ಕಣ್ಣಿಗೆ ಬರುತ್ತದೆ. ಗೋಷ್ಠಿ ಎಂದರೆ ಚಾಪೆಯ ಮೇಲೆ ಕುಳಿತ ನಾಲ್ವರು ಸಮಾನಮನಸ್ಕರು. ನಮ್ಮ ರಾಯಚೂರು ಸೀಮೆಯ ಆಡುಮಾತಿನಲ್ಲಿ ಜನರಿಗೆ ‘ಮಂದಿ’ ಎನ್ನುವುದೇ ರೂಢಿ. ಕುರಿದನಗಳ ಹಿಂಡಿಗೆ ‘ಮಂದೆ’. ಕಡೆಯ ಸ್ವರವೊಂದು ಬದಲಾದರೆ ಸಾಕು, ಮನುಷ್ಯ ಕುರಿಯಾಗುತ್ತಾನೆ. ಇವೆರಡರ ಧಾತು ಒಂದೇ ಎಂದು ವಾದಿಸುವುದು ನನ್ನ ಉದ್ದೇಶವಲ್ಲ; ಆ ಜಗಳ ಪಂಡಿತರಿಗೇ ಇರಲಿ. ಆದರೆ ಮಂದಿಯ ನಡುವೆ ನಿಂತ ಮನುಷ್ಯ ನಿಜವಾಗಿಯೂ ಮಂದೆಯ ಕುರಿಯಾಗುತ್ತಾನೆಯೇ ಎಂಬ ಪ್ರಶ್ನೆ ಮಾತ್ರ ಹುಡುಗಾಟದ್ದಲ್ಲ.

1895ರಲ್ಲಿ ಗುಸ್ತಾವ್ ಲ ಬಾನ್ ಎಂಬ ಫ್ರೆಂಚ್ ಲೇಖಕ ಈ ಪ್ರಶ್ನೆಗೆ ಹೌದೆಂದೇ ಉತ್ತರ ಕೊಟ್ಟ. ಒಬ್ಬೊಬ್ಬನೇ ಇರುವಾಗ ಎಷ್ಟೇ ವಿವೇಕಿಯಾಗಿದ್ದರೂ ಗುಂಪಿನಲ್ಲಿ ಸೇರಿದ ಕ್ಷಣ ಮನುಷ್ಯ ತನ್ನ ಬುದ್ಧಿಯನ್ನು ಹೊರಗಿಟ್ಟು ಬರುತ್ತಾನೆ, ಅವನ ಮೇಲೆ ಒಂದು ಸಮೂಹಮನಸ್ಸು ಬಂದು ಕೂಡುತ್ತದೆ ಎಂಬುದು ಅವನ ವಾದ. ಆ ಪುಸ್ತಕ ಬಹು ಭಾಷೆಗಳಿಗೆ ಹೋಯಿತು. ಆಳುವವರಿಗೆ ಅದು ಬಹಳ ರುಚಿಸಿತು. ಜನರನ್ನು ಕಂಡರೆ ಭಯಪಡುವವರಿಗೆ ಅಂತಹ ಶಾಸ್ತ್ರ ರುಚಿಸದೆ ಇದ್ದೀತೇ! ಆದರೆ ಅದನ್ನು ಹಾಗೆಯೇ ಒಪ್ಪುವ ಮುನ್ನ ನಮ್ಮ ಊರಿನ ಇತಿಹಾಸವನ್ನು ಒಮ್ಮೆ ಕೇಳಿ ನೋಡುವುದು ಲೇಸು. ರಾಯಚೂರಿನ ಕೋಟೆ ಈ ವಿಷಯದಲ್ಲಿ ಮೂಕವಲ್ಲ.

ಮೊದಲು ಕೋಟೆಯ ಕಲ್ಲನ್ನೇ ನೋಡೋಣ. ಒಳಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದವಾದ ಒಂದೇ ಚಪ್ಪಡಿ ಉಂಟು. ಅದರ ಮೇಲಿನ ತೆಲುಗು ಶಾಸನದ ಕಾಲ 1294. ಕಾಕತೀಯ ರಾಣಿ ರುದ್ರಮದೇವಿಯ ಸಾಮಂತನಾದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಅದರೊಡನೆ ಸೇರಿದೆ. ಬರಹಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿ ಕೊರೆದಿರುವ ಚಿತ್ರ: ಅಂತಹ ಬಂಡೆಯನ್ನು ಗಾಡಿಯ ಮೇಲೇರಿಸಿ ಕೋಣಗಳ ಉದ್ದನೆಯ ಸಾಲಿಗೆ ಕಟ್ಟಿ ಎಳೆಸಿಕೊಂಡು ಬರುತ್ತಿರುವುದು, ಜೊತೆಗೆ ಜನ. ಕಟ್ಟಿಸಿದವನ ಹೆಸರನ್ನು ಕಲ್ಲು ಬಲ್ಲದು. ಎಳೆದವರ ಹೆಸರುಗಳಿಗೆ ಬದಲಾಗಿ ಈ ರೇಖೆಗಳಿವೆ.

ನಮ್ಮಲ್ಲಿ ಒಂದು ಗಾದೆ: ಹತ್ತು ಜನರ ಕಡ್ಡಿ ಒಬ್ಬನ ಹೊರೆ. ಕೂಡಿ ಮಾಡಿದರೆ ಭಾರ ಹಗುರವೆಂಬ ಅರ್ಥದಲ್ಲಿ ಇದನ್ನು ಹೇಳುತ್ತೇವೆ. ಆದರೆ ಫ್ರಾನ್ಸಿನ ಕೃಷಿಯಂತ್ರಗಳ ಪ್ರಾಧ್ಯಾಪಕ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಕೊಟ್ಟು ಜನರಿಂದ ಎಳೆಸಿ ಅಳೆದಾಗ ಗಾದೆಯ ಇನ್ನೊಂದು ಮಗ್ಗುಲು ಕಂಡಿತು. 1880ರ ದಶಕದಲ್ಲಿ ಮಾಡಿದ ಈ ಪ್ರಯೋಗಗಳನ್ನು ಅವನು ಪ್ರಕಟಿಸಿದುದು 1913ರಲ್ಲಿ. ಒಬ್ಬೊಬ್ಬನೇ ಎಳೆಯುವಾಗಿನ ಬಲವನ್ನು ಕೂಡಿ ನೋಡಿದರೆ ಎಂಟು ಜನರ ಒಟ್ಟು ಬಲ ಎಷ್ಟಾಗಬೇಕೋ, ಅವರು ಒಟ್ಟಿಗೆ ಎಳೆದಾಗ ಅದರ ಸುಮಾರು ಅರ್ಧವಷ್ಟೇ ಬಂತು. ಹಗ್ಗಕ್ಕೆ ಕೈಗಳು ಹೆಚ್ಚಿದಂತೆ ಒಂದೊಂದು ಕೈಯೂ ಹಗುರವಾಯಿತು. ತಾಳ ತಪ್ಪುವುದು ಒಂದು ಕಾರಣ. ನಾನೊಬ್ಬ ಬಿಟ್ಟರೆ ಯಾರಿಗೆ ತಿಳಿದೀತು ಎಂಬುದು ಇನ್ನೊಂದು ಕಾರಣ. ಮದುವೆಮನೆಯಲ್ಲಿ ಹಂದರ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾದ ಸಂಗತಿಯೂ ಉಂಟು. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಪಂದ್ಯ ನಡೆಯುತ್ತದೆ. ಸುತ್ತ ನೆರೆದ ಜನರ ಕೂಗು ಎತ್ತಿಗೆ ಎಷ್ಟು ತಾಕುತ್ತದೆಯೋ ನಾನರಿಯೆ, ಎತ್ತು ಹೊಡೆಯುವವನಿಗಂತೂ ತಾಕುತ್ತದೆ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಇಂಥದ್ದನ್ನೇ ಬರೆದ: ಒಬ್ಬನೇ ಓಡಿಸುವ ಸೈಕಲ್ ಸವಾರನಿಗಿಂತ ಜೊತೆಗಾರರೊಡನೆ ಪೈಪೋಟಿಯಲ್ಲಿ ಓಡಿಸುವವನ ವೇಗ ಹೆಚ್ಚು. ಹಾಗಾದರೆ ಗುಂಪು ಮನುಷ್ಯನನ್ನು ಸೋಮಾರಿ ಮಾಡುತ್ತದೆಯೋ ಚುರುಕು ಮಾಡುತ್ತದೆಯೋ? ಎರಡನ್ನೂ ಮಾಡುತ್ತದೆ. ನನ್ನ ಕೆಲಸ ಬೇರೆಯಾಗಿ ಕಾಣುವಂತಿದ್ದರೆ ಒಂದು, ಎಲ್ಲರ ಕೆಲಸದಲ್ಲಿ ಮುಳುಗಿಹೋಗುವಂತಿದ್ದರೆ ಇನ್ನೊಂದು.

ಈ ಸೂಕ್ಷ್ಮವನ್ನು ವಿಜಯನಗರದ ನಾಯಕರು ಪ್ರಯೋಗಶಾಲೆಯಿಲ್ಲದೆಯೇ ಅರಿತಿದ್ದರೆಂದು ತೋರುತ್ತದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಆಳುಗಳು ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳಬೇಕಾಗಿತ್ತು. ಮೇಲಿನಿಂದ ಬಾಣ, ಬಂಡೆ, ಗುಂಡು. ಆಗ ನಾಯಕರು ಮಾಡಿದ ಉಪಾಯವೇನೆಂದರೆ, ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಅಳತೆಯಂತೆ ಪಣಗಳನ್ನು ಎಣಿಸಿ ಕೊಡುವುದು. ನೂರಾರು ಜನರ ಗುಂಪೇ ನುಗ್ಗಿದರೂ ಒಬ್ಬೊಬ್ಬನ ಕಲ್ಲಿಗೂ ಬೇರೆ ಲೆಕ್ಕ. ಇದನ್ನು ಬರೆದಿಟ್ಟವನು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಯುದ್ಧವಾಗಿ ಸುಮಾರು 15 ವರ್ಷಗಳ ತರುವಾಯ ಅವನು ವಿಜಯನಗರದಲ್ಲಿದ್ದ. ಅವನ ಬರಹ ಬಹುಕಾಲ ಕಣ್ಮರೆಯಾಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ತನ್ನ ವಿಜಯನಗರದ ಇತಿಹಾಸದಲ್ಲಿ ಅದನ್ನು ಇಂಗ್ಲಿಷಿಗೆ ತಂದ. ನೂನಿಜ್‌ನ ಅಂಕಿಗಳನ್ನು ಯಥಾವತ್ತಾಗಿ ನಂಬುವಂತಿಲ್ಲ. ರಾಯನ ಕಡೆ ಏಳು ಲಕ್ಷಕ್ಕೂ ಮೇಲ್ಪಟ್ಟು ಕಾಲಾಳುಗಳಿದ್ದರೆಂದು ಅವನು ಹೇಳುವಾಗ, ಅಷ್ಟು ಬಾಯಿಗಳಿಗೆ ಈ ಎಡೆದೊರೆ ನಾಡು ಬೇಸಗೆಯಲ್ಲಿ ನೀರು ಎಲ್ಲಿಂದ ತಂದಿತೆಂದು ಕೇಳಬೇಕಾಗುತ್ತದೆ. ಆದರೆ ಜನರ ನಡೆವಳಿಕೆಯನ್ನು ಹೇಳುವಾಗ ಅವನ ಕಣ್ಣು ಬಲು ಚುರುಕು.

ಕದನದ ಹಿನ್ನೆಲೆ ನಮ್ಮ ಪಠ್ಯಪುಸ್ತಕಗಳಲ್ಲಿ ಇರುವುದರಿಂದ ಬೇಗ ಹೇಳಿ ಮುಂದುವರಿಯುತ್ತೇನೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗಾಗಿ ವಿಜಯನಗರಕ್ಕೂ ಮೊದಲು ಬಹಮನಿಗಳಿಗೂ ಆಮೇಲೆ ಬಿಜಾಪುರಕ್ಕೂ ತಲೆಮಾರುಗಳ ಜಗಳ. ಕುದುರೆ ಕೊಳ್ಳಲು ರಾಯ ಹಣ ಕೊಟ್ಟು ಕಳುಹಿಸಿದ ವ್ಯಾಪಾರಿಯೊಬ್ಬ ಆ ಹಣದೊಡನೆ ಆದಿಲ್‌ಶಾಹನ ಆಶ್ರಯಕ್ಕೆ ಓಡಿಹೋದುದು ನೆಪವಾಯಿತು. ರಾಯ ರಾಯಚೂರಿನ ದಕ್ಷಿಣಕ್ಕೆ ಹತ್ತಿರದಲ್ಲೇ ಇರುವ ಮಲಿಯಾಬಾದಿನ ಬಳಿ ಬಂದು ಬೀಡುಬಿಟ್ಟು ಕೋಟೆಯನ್ನು ಸುತ್ತಿದ. ಕೋಟೆಯನ್ನು ಬಿಡಿಸಿಕೊಳ್ಳಲು ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆಯನ್ನು ದಾಟಿ ಈಚೆ ದಡಕ್ಕೆ ಬಂದ. ರಾಯಚೂರಿನ ವಾಯವ್ಯಕ್ಕೆ, ಇಂದು ದೇವದುರ್ಗದ ಕಡೆಗೆ ಹೋಗುವವರು ನೋಡುವ ಕಪ್ಪುನೆಲದ ಸೀಮೆಯಲ್ಲಿ, ಎರಡು ದಂಡುಗಳೂ ಎದುರುಬದುರಾದುವು. ಸ್ಯೂಯೆಲ್ ಲೆಕ್ಕ ಹಾಕಿ ಕೊಟ್ಟ ದಿನ 1520ರ ಮೇ 19, ಶನಿವಾರ.

ಬೆಳಗಾಗುತ್ತಲೇ ರಾಯನ ಮುಂಚೂಣಿ ಭೇರಿ ಕಹಳೆಗಳ ಅಬ್ಬರದೊಡನೆ ನುಗ್ಗಿತು. ಬಿಜಾಪುರದವರು ತೋಪುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾದಿದ್ದರು. ಹತ್ತಿರಕ್ಕೆ ಬರಗೊಟ್ಟು ಎಲ್ಲವನ್ನೂ ಒಮ್ಮೆಲೇ ಹಾರಿಸಿದರು. ಪಾಣಿಪತ್ತಿನಲ್ಲಿ ಬಾಬರನ ತೋಪುಗಳು ಗುಡುಗಿದ್ದು 1526ರಲ್ಲಿ. ಅದಕ್ಕೆ ಆರು ವರ್ಷ ಮುಂಚೆಯೇ ರಾಯಚೂರಿನಲ್ಲಿ ಈ ಪ್ರಯೋಗವಾಯಿತೆಂಬುದನ್ನು ಇತಿಹಾಸಕಾರ ರಿಚರ್ಡ್ ಈಟನ್ 2009ರ ಲೇಖನವೊಂದರಲ್ಲಿ ಎತ್ತಿ ತೋರಿಸಿದ್ದಾರೆ. ಮುಂದಿನ ಸಾಲು ನೆಲಕ್ಕೆ ಬಿತ್ತು. ಹಿಂದಿನ ಸಾಲು ತಿರುಗಿ ಓಡಿತು. ಅದರ ಹಿಂದಿನದು ಮುಂದಿನವರು ಓಡಿಬರುವುದನ್ನು ಕಂಡು ಓಡಿತು. ಬಿಜಾಪುರದವರು ಬಹು ದೂರದವರೆಗೆ ಬೆನ್ನಟ್ಟಿದರು.

ಇಲ್ಲಿ ತಡೆದು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮೂರನೆಯ ಸಾಲಿನವನು ಏಕೆ ಓಡಿದ? ಅವನಿಗೆ ಗುಂಡು ತಗುಲಲಿಲ್ಲ. ಹೊಗೆಯಲ್ಲಿ ತೋಪು ಕಾಣಿಸಿರುವುದೂ ಸಂದೇಹ. ಅವನು ಕಂಡದ್ದು ತನಗಿಂತ ಮುಂದೆ ಇದ್ದವರ ಮುಖವನ್ನು. ಅವರಿಗೆ ತಿಳಿದಿರಬೇಕು ಎಂದು ಅವನು ನಂಬಿದ. ಇದನ್ನು ಬುದ್ಧಿಭ್ರಮಣೆ ಎನ್ನಬಹುದೇ? ಬಾವಿಕಟ್ಟೆಯಿಂದ ನಾಲ್ವರು ಕೊಡ ಬಿಟ್ಟು ಓಡಿಬಂದರೆ, ಹಾವೋ ಚೇಳೋ ಎಂದು ಪರೀಕ್ಷಿಸಲು ನಾವು ಬಾವಿಯ ಕಡೆಗೆ ಹೋಗುತ್ತೇವೆಯೇ?

ಮಂದಿ ನಮ್ಮನ್ನು ಎಳೆಯುವ ಹಗ್ಗಗಳು ಎರಡೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. 1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಎಂಬಿಬ್ಬರು ಇವನ್ನು ಸ್ಪಷ್ಟವಾಗಿ ಬೇರ್ಪಡಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ‘ಅವರು ಬಲ್ಲರು’ ಎಂಬ ನಂಬಿಕೆ; ಇನ್ನೊಂದು ‘ಅವರು ಏನೆಂದಾರೋ’ ಎಂಬ ಅಂಜಿಕೆ. ಎರಡನೆಯದರ ಬಲವನ್ನು ತೋರಿಸಿಕೊಟ್ಟವರು ಸಾಲಮನ್ ಆಶ್. 1951ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹು ಸರಳವಾದದ್ದು. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದುದು ಯಾವುದೆಂದು ಕೇಳುವುದು. ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಬೇಕೆಂದೇ ತಪ್ಪು ಗೆರೆಯನ್ನು ಹೇಳುತ್ತಿದ್ದರು. ಗುಟ್ಟರಿಯದ ಒಬ್ಬನ ಸರದಿ ಬಂದಾಗ, ಮೂರರಲ್ಲಿ ಒಂದರಷ್ಟು ಸಲ ಅವನೂ ಆ ತಪ್ಪನ್ನೇ ನುಡಿದ. ಪಾಠ ಹೇಳುವವರಿಗೆ ಇದೇನೂ ಹೊಸತಲ್ಲ. ‘ಅರ್ಥವಾಯಿತೇ’ ಎಂದು ಕೇಳಿದರೆ ಹುಡುಗ ಹಲಗೆಯನ್ನು ನೋಡುವುದಿಲ್ಲ. ಪಕ್ಕದ ಹುಡುಗನ ಕೈ ಮೇಲೆದ್ದಿತೇ ಎಂದು ನೋಡುತ್ತಾನೆ.

ಆದರೆ ಆಶ್ ಅವರ ಪ್ರಯೋಗದ ಇನ್ನೊಂದು ಭಾಗವನ್ನು ಜನ ಅಷ್ಟಾಗಿ ನೆನಪಿನಲ್ಲಿಡುವುದಿಲ್ಲ. ಆ ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಸಾಕು, ಗುಂಪಿನ ಹಿಡಿತ ಬಹುಮಟ್ಟಿಗೆ ಸಡಿಲಿ, ನಮ್ಮವನು ತನ್ನ ಕಣ್ಣಿಗೆ ಕಂಡುದನ್ನೇ ಹೇಳಿದ. ಇದನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಕೃಷ್ಣೆಯ ಬಯಲಿಗೆ ಹೋಗೋಣ.

ತನ್ನವರು ಓಡಿಬರುತ್ತಿರುವುದನ್ನು ರಾಯ ಹಿಂದಿನ ಪಡೆಯಲ್ಲಿ ನಿಂತು ಕಂಡ. ನೂನಿಜ್ ಹೇಳುವಂತೆ, ಓಡುವವರನ್ನು ದ್ರೋಹಿಗಳೆಂದು ಕೂಗಿ ಹಳಿದು, ಹೇಗೂ ಸಾಯಬೇಕಾದವರು ವೀರರಂತೆ ಸಾಯುವುದೇ ಲೇಸೆಂದು ನುಡಿದು, ತನ್ನೊಡನೆ ನಿಲ್ಲುವವರು ಯಾರೆಂದು ಕೇಳಿದ. ನಾಯಕರು ಅವನನ್ನು ಸುತ್ತುವರಿದರು. ಆಗ ಬೆರಳಿನ ಉಂಗುರವನ್ನು ತೆಗೆದು ಒಬ್ಬ ಸೇವಕನ ಕೈಗಿತ್ತು, ತಾನು ಮಡಿದರೆ ರಾಣಿಯರಿಗೆ ಇದನ್ನು ಗುರುತಾಗಿ ತೋರಿಸಬೇಕೆಂದು ಹೇಳಿ ಕುದುರೆಯನ್ನೇರಿದ. ನಾಟಕಕ್ಕೆ ಹೇಳಿ ಮಾಡಿಸಿದ ಸನ್ನಿವೇಶ. ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ವಿಜಯಕ್ಕೆ ಹಾರುತ್ತದೆ: ಉಂಗುರವನ್ನು ಕಂಡು ಓಡುತ್ತಿದ್ದವರೆಲ್ಲ ನಾಚಿ ಹಿಂತಿರುಗಿದರು ಎಂದು.

ನೂನಿಜ್ ಹಾಗೆ ಬರೆದಿಲ್ಲ. ಅವನು ಹೇಳುವುದು ಬೇರೆ. ಮುಂದಕ್ಕೆ ಸಾಗುತ್ತ ರಾಯ ಕೊಟ್ಟ ಅಪ್ಪಣೆ ಏನೆಂದರೆ, ಓಡಿಬರುವವರು ತಮ್ಮವರೇ ಆದರೂ ದಯೆಯಿಲ್ಲದೆ ಕಡಿಯಿರಿ ಎಂಬುದು. ತಮ್ಮ ಕಡೆಯಲ್ಲೇ ತಮಗೆ ಇಂತಹ ಸ್ವಾಗತ ಕಾದಿರುವುದನ್ನು ಕಂಡು ಅವರು ಬೇರೆ ದಾರಿಯಿಲ್ಲದೆ ಶತ್ರುವಿನ ಕಡೆಗೆ ತಿರುಗಿದರು.

ನಮ್ಮ ನಾಡಿನ ಹೆಮ್ಮೆಯ ಅರಸನ ವಿಷಯದಲ್ಲಿ ಇದನ್ನು ಹೇಳುವುದು ಕೆಲವರಿಗೆ ಹಿಡಿಸುವುದಿಲ್ಲ. ಹುಡುಗರಿಗೆ ಉಂಗುರ ಸಾಕು, ಕತ್ತಿ ಏಕೆ ಎಂದು ಕೇಳುವವರಿದ್ದಾರೆ. ನಾನು ಎರಡನ್ನೂ ಹೇಳುತ್ತೇನೆ. ಏಕೆಂದರೆ ಎರಡೂ ಸೇರಿದರೆ ಮಾತ್ರ ಅಂದು ನಡೆದುದು ಅರ್ಥವಾಗುತ್ತದೆ. ಉಂಗುರವನ್ನು ಕಂಡವರು ರಾಯನ ಸುತ್ತ ನಿಂತಿದ್ದ ಕೆಲವರು. ಓಡುತ್ತಿದ್ದ ಸಾವಿರಾರು ಜನರಿಗೆ ಅದು ಕಾಣುವುದು ಎಲ್ಲಿಂದ ಬಂತು? ಅವರಿಗೆ ಕಂಡದ್ದು ಮುಂದಕ್ಕೆ ನಡೆದುಬರುತ್ತಿದ್ದ ತಮ್ಮವರ ಗೋಡೆ. ಆದರೆ ಆ ಗೋಡೆ ನಿಂತದ್ದು ಯಾವುದರಿಂದ? ರಾಯ ಆ ಕ್ಷಣ ಆನೆಯನ್ನೇರಿ ಹಿಂದೆ ಸರಿದಿದ್ದರೆ, ಕಡಿಯಿರೆಂಬ ಅಪ್ಪಣೆಯನ್ನು ಕೇಳುವವರೇ ಇರುತ್ತಿರಲಿಲ್ಲ. ಹಿಂದಿನ ಪಡೆಯೂ ಓಟದಲ್ಲಿ ಸೇರುತ್ತಿತ್ತು. ಉಂಗುರ ಹತ್ತಿರದವರನ್ನು ಹಿಡಿದು ನಿಲ್ಲಿಸಿತು. ನಿಂತವರು ಓಡುವವರನ್ನು ತಿರುಗಿಸಿದರು. ಒಬ್ಬನೇ ಒಬ್ಬ ಬೇರೆ ಉತ್ತರ ಹೇಳಿದರೆ ಕೋಣೆಯ ಗಾಳಿ ಬದಲಾಗುತ್ತದೆಂಬ ಆಶ್ ಅವರ ಮಾತು ಇಲ್ಲಿ ಅರ್ಧ ಸತ್ಯವಾಯಿತು. ಉಳಿದ ಅರ್ಧ ಭಯದ ಕೆಲಸ. ರಾಯನ ಧೈರ್ಯವನ್ನು ಕೊಂಡಾಡುವವರು ಆ ಬಯಲಿನಲ್ಲಿ ತಮ್ಮವರ ಕತ್ತಿಗೇ ಸಿಕ್ಕಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅವರಲ್ಲಿ ಹೇಡಿಗಳೆಷ್ಟೋ, ಬರಿದೆ ಮುಂದಿನ ಸಾಲಿನಲ್ಲಿ ನಿಂತ ತಪ್ಪಿಗೆ ಸಿಕ್ಕಿದವರೆಷ್ಟೋ!

ಈಗ ಓಡುವ ಸರದಿ ಬಿಜಾಪುರದ್ದಾಯಿತು. ಗೆದ್ದೆವೆಂದು ಬೆನ್ನಟ್ಟಿ ಚೆದುರಿದ್ದ ದಂಡು, ಎದುರಿಗೆ ತಿರುಗಿ ನಿಂತವರನ್ನು ಕಂಡು ಕದಡಿತು. ಓಟ ನದಿಯವರೆಗೂ ಹೋಯಿತು. ಕೃಷ್ಣೆಯ ಮಡುಗಳಲ್ಲಿ ಮುಳುಗಿ ಸತ್ತವರು ಬಹಳ. ನೂನಿಜ್ ಹೇಳುವ ಇನ್ನೊಂದು ಮಾತನ್ನೂ ಬಿಡಬಾರದು: ನೀರಿನಲ್ಲಿ ಸಿಕ್ಕಿದವರನ್ನು ಕೊಲ್ಲುತ್ತಿರುವುದನ್ನು ಕಂಡು, ನಿರಪರಾಧಿಗಳು ಸಾಯುತ್ತಿದ್ದಾರೆಂದು ರಾಯನೇ ಕನಿಕರಪಟ್ಟು ಬೆನ್ನಟ್ಟುವುದನ್ನು ನಿಲ್ಲಿಸಿದ. ಬೆಳಗ್ಗೆ ತನ್ನವರನ್ನೇ ಕಡಿಯಿರೆಂದವನೂ ಅದೇ ದಿನ ಶತ್ರುವನ್ನು ಬಿಡಿರೆಂದವನೂ ಒಬ್ಬನೇ. ಆದಿಲ್‌ಶಾಹನ ಸೇನಾನಿ ಸಲಾಬತ್ ಖಾನ್ ಸುತ್ತಲಿನವರು ಕರಗಿಹೋದರೂ ಹೋರಾಡಿ ಸೆರೆಸಿಕ್ಕಿದ.

ಬಿಜಾಪುರದ ಕಡೆಯ ಚರಿತ್ರಕಾರ ಫೆರಿಷ್ತಾ ಈ ಸೋಲನ್ನು ಬೇರೆಯಾಗಿ ವಿವರಿಸುತ್ತಾನೆ. ಸುಲ್ತಾನ ಮದ್ಯದ ಅಮಲಿನಲ್ಲಿ ಹಿಂದುಮುಂದು ನೋಡದೆ ನದಿ ದಾಟಿದ, ಅದೇ ಅನರ್ಥಕ್ಕೆ ಮೂಲ ಎಂದು. ಗೆದ್ದ ಕಡೆಯ ಕಥೆಯಲ್ಲಿ ಒಬ್ಬನ ಉಂಗುರ, ಸೋತ ಕಡೆಯ ಕಥೆಯಲ್ಲಿ ಒಬ್ಬನ ಬಟ್ಟಲು. ಹತ್ತಾರು ಸಾವಿರ ಜನ ಕೂಡಿ ಮಾಡಿದುದಕ್ಕೆ ಒಬ್ಬನೇ ಕಾರಣನೆಂದು ಹೇಳಿಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಲ ಬಾನ್‌ಗೆ ಇಲ್ಲಿಂದ ಒಂದು ಮಾತು ಕೇಳಬಹುದು. ಒಂದೇ ಬೆಳಗಿನಲ್ಲಿ ನುಗ್ಗಿದವರೂ ಓಡಿದವರೂ ಮತ್ತೆ ತಿರುಗಿ ಗೆದ್ದವರೂ ಅದೇ ಜನ. ಅವರ ಬುದ್ಧಿ ಹೊರಗೆ ಹೋಗಿದ್ದರೆ ಅಷ್ಟು ಬೇಗ ಮರಳಿದ್ದು ಹೇಗೆ? ಇತ್ತೀಚಿನ ದಶಕಗಳಲ್ಲಿ ಬ್ರಿಟನ್ನಿನ ಸ್ಟೀಫನ್ ರೈಕರ್ ಮೊದಲಾದವರು ಇದನ್ನೇ ಎತ್ತಿಹಿಡಿದಿದ್ದಾರೆ. 1980ರಲ್ಲಿ ಬ್ರಿಸ್ಟಲ್ ನಗರದಲ್ಲಿ ನಡೆದ ಗಲಭೆಯನ್ನು ಅಭ್ಯಾಸ ಮಾಡಿ, ಗಲಭೆಯ ಜನ ಕೂಡ ಕಂಡಕಂಡದ್ದಕ್ಕೆ ಕೈ ಹಾಕಲಿಲ್ಲ, ಯಾರು ನಮ್ಮವರು ಯಾರು ಅಲ್ಲ ಎಂಬ ತಿಳಿವಳಿಕೆಗೆ ತಕ್ಕಂತೆ ನಡೆದರು ಎಂದು ಅವರು ತೋರಿಸಿದರು. ರೇಡಿಯೋ ಕೇಳುವ ಮನೆಗಳಿಗೆ ಸಂಬಂಧಿಸಿದ ಒಂದು ನಿದರ್ಶನವೂ ಉಂಟು. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಬಾನುಲಿಯಲ್ಲಿ ಮಂಗಳಗ್ರಹದವರು ದಂಡೆತ್ತಿ ಬಂದ ನಾಟಕವನ್ನು ಪ್ರಸಾರ ಮಾಡಿದ. ಅದನ್ನು ನಿಜವೆಂದು ತಿಳಿದು ದೇಶಕ್ಕೆ ದೇಶವೇ ಬೀದಿಗೆ ಓಡಿತೆಂದು ಮರುದಿನದ ಪತ್ರಿಕೆಗಳು ಬರೆದುವು. ಬಹುಕಾಲ ಇದು ಪಾಠಪುಸ್ತಕಗಳ ಕಥೆಯಾಗಿತ್ತು. ಹೆದರಿದವರು ಕೆಲವರಿದ್ದುದು ನಿಜವೇ. ಉಳಿದುದು ಪತ್ರಿಕೆಗಳ ಉಬ್ಬರವೆಂದು ಆಮೇಲಿನ ಸಂಶೋಧಕರು ಕಂಡುಕೊಂಡರು. ಮಂದಿ ಹುಚ್ಚಾದರೆಂಬ ಸುದ್ದಿ, ಮಂದಿ ಹುಚ್ಚಾಗುವುದಕ್ಕಿಂತ ಬೇಗ ಹರಡುತ್ತದೆ.

ಬಯಲಿನ ಗೆಲುವಿನ ತರುವಾಯ ರಾಯ ಕೋಟೆಗೆ ಮರಳಿದ. ಒಳಗಿದ್ದವರು ಆ ತನಕ ಎದೆಗೆಡದೆ ಕಾದಿದ್ದರು. ಈ ಹಂತದಲ್ಲಿ ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವೊ ದ ಫಿಗೆರೇದೊ ಎಂಬ ಪೋರ್ಚುಗೀಸನು ಸುಮಾರು ಇಪ್ಪತ್ತು ಮಂದಿ ಕೋವಿಯವರೊಡನೆ ರಾಯನಲ್ಲಿದ್ದ. ಕೋಟೆಯ ಕಾವಲಿನವರು ಗೋಡೆಯ ಮೇಲೆ ಅಡಗದೆ ರಾಜಾರೋಷವಾಗಿ ನಿಂತು ಬಾಣ ಬಿಡುತ್ತಿದ್ದರು. ದೂರದಿಂದ ಗುರಿಯಿಟ್ಟು ಹೊಡೆಯುವ ಕೋವಿಯ ಅನುಭವ ಅವರಿಗಿರಲಿಲ್ಲ. ಫಿಗೆರೇದೊನ ಕಡೆಯವರು ಒಬ್ಬೊಬ್ಬರನ್ನಾಗಿ ಉರುಳಿಸಿದಾಗ ಮೊದಲ ಗೋಡೆಯ ಮೇಲೆ ತಲೆಗಳೇ ಕಾಣದಾದುವು. ಕೆಳಗೆ ಕಲ್ಲು ಕೀಳುವವರಿಗೆ ಅನುಕೂಲವಾಯಿತು. ಆಗ ಕೋಟೆಯ ಅಧಿಪತಿ ತಾನೇ ಮೇಲೆ ಬಂದ. ಅಂಜಬೇಡಿರೆಂದು ತನ್ನವರನ್ನು ಹುರಿದುಂಬಿಸುತ್ತ, ಈ ಹೊಸ ಬಗೆಯ ಹೊಡೆತ ಎಲ್ಲಿಂದ ಬರುತ್ತಿದೆಯೆಂದು ನೋಡಲು ಮುಂದಕ್ಕೆ ಬಾಗಿದ. ಗುಂಡು ಹಣೆಗೆ ತಗುಲಿತು.

ಕೋಟೆಯೊಳಗೆ ಗೋಳು ಎದ್ದಿತು, ಗೋಡೆಗಳು ಬರಿದಾದುವು, ಮರುದಿನ ಬಾಗಿಲು ತೆರೆಯಿತು. ಕೋಟೆಯಲ್ಲಿ ತೋಪುಗಳಿದ್ದುವು, ಆಳುಗಳಿದ್ದರು, ಗೋಡೆ ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಬಿದ್ದವನು ಎಲ್ಲರೂ ಯಾರ ಮುಖವನ್ನು ನೋಡಿ ನಿಂತಿದ್ದರೋ ಅವನು. ಬಯಲಿನಲ್ಲಿ ರಾಯನಿಗೂ ಇದೇ ಆಗಬಹುದಿತ್ತು ಎಂಬುದನ್ನು ಮರೆಯಬಾರದು. ಒಬ್ಬನ ಸುತ್ತ ಹೆಣೆದ ಧೈರ್ಯ ಅವನೊಡನೆಯೇ ನೆಲಕ್ಕೆ ಬೀಳುತ್ತದೆ. ಒಳಹೊಕ್ಕ ರಾಯ ನಾಗರಿಕರಿಗೆ ಅಭಯವಿತ್ತು, ಅವರ ಸ್ವತ್ತು ಅವರಿಗೇ ಇರಲಿ, ಹೋಗುವವರು ತಮ್ಮ ಸಾಮಾನಿನೊಡನೆ ಹೋಗಲಿ ಎಂದ. ಆದರೂ ದಂಡಿನವರು ಕೆಲವು ಮನೆಗಳನ್ನು ಸುಲಿದರು. ತಿಳಿದುಬಂದದ್ದನ್ನು ಹಿಂದಕ್ಕೆ ಕೊಡಿಸಲಾಯಿತು.

ಯುದ್ಧದ ಗುಂಪು ಒಂದು ದಿನದ್ದು. ನಿಧಾನವಾಗಿ, ತಲೆಮಾರುಗಳ ಕಾಲ ಮನುಷ್ಯನನ್ನು ತಿದ್ದುವ ಗುಂಪನ್ನು ನೋಡಬೇಕಾದರೆ ಕೋಟೆಯಿಂದ ಹೊರಬಿದ್ದು ಸಿಂಧನೂರಿನ ದಾರಿ ಹಿಡಿದು ಮಾನ್ವಿಗೆ ಹೋಗಬೇಕು. ಕದನವಾಗಿ ಇನ್ನೂರು ವರ್ಷಗಳ ತರುವಾಯ ಇಲ್ಲಿ ಹುಟ್ಟಿಕೊಂಡುದು ದಾಸರ ಗೋಷ್ಠಿ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಅವರ ಶಿಷ್ಯ ಗೋಪಾಲದಾಸರದು. ಮಾನ್ವಿಯ ಕಡೆಯ ಬ್ಯಾಗವಟ್ಟಿಯಲ್ಲಿ ಹುಟ್ಟಿದವರು ಜಗನ್ನಾಥದಾಸರು. ಒಂದು ದಿನದ ಗಾಡಿ ಪ್ರಯಾಣದೊಳಗೆ ಹೀಗೆ ಮೂವರು. ಇದು ನೆಲದ ಗುಣವೆಂದು ಹೇಳುವುದು ಸುಲಭ. ಒಬ್ಬರಿಂದ ಒಬ್ಬರಿಗೆ ಹತ್ತಿದ ಕಿಡಿ ಎಂದು ಹೇಳುವುದು ಸತ್ಯಕ್ಕೆ ಹತ್ತಿರ. ಗೋಪಾಲದಾಸರ ಒಡಹುಟ್ಟಿದವರೂ ಅಣ್ಣನ ದಾರಿಯನ್ನೇ ಹಿಡಿದು ಅಂಕಿತ ಪಡೆದರೆಂದು ಸಂಪ್ರದಾಯ ಹೇಳುತ್ತದೆ.

ಜಗನ್ನಾಥದಾಸರಾಗುವ ಮುನ್ನ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಮಾನ್ವಿಗೆ ಬಂದಾಗ ಪ್ರಸಾದಕ್ಕೆ ಕರೆ ಕಳುಹಿಸಿದರೆ, ಹೊಟ್ಟೆನೋವೆಂದು ನೆವ ಹೇಳಿ ಹೋಗಲಿಲ್ಲವಂತೆ. ಹೇಳಿದ ನೆವವೇ ನಿಜವಾಗಿ, ವಾಸಿಯಾಗದ ಹೊಟ್ಟೆನೋವು ಅವರನ್ನು ಹಿಡಿಯಿತು. ಕೊನೆಗೆ ಗೋಪಾಲದಾಸರ ಬಳಿಗೆ ಹೋಗಬೇಕಾಯಿತು. ಅವರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಇವರಿಗೆ ಧಾರೆಯೆರೆದರು. ಭಕ್ತರ ಮನೆಗಳಲ್ಲಿ ಇಂದಿಗೂ ಹೇಳಿಕೊಂಡು ಬರುವ ಕಥೆಯಿದು. ಇದರ ಪವಾಡದ ಭಾಗವನ್ನು ನಂಬುವವರು ನಂಬಲಿ. ಪಂಡಿತ ಪರೀಕ್ಷೆಯ ದಾರಿಯಲ್ಲಿ ಬಂದ ನನಗೆ ಹತ್ತಿರವಾಗಿ ತೋರುವುದು ಆ ನೆವ. ಬರಲಾರೆ ಎಂದು ನೇರವಾಗಿ ಹೇಳಬಹುದಿತ್ತಲ್ಲ, ಹೊಟ್ಟೆನೋವೇಕೆ? ಕರೆದವರ ಮುಖ ಮುರಿಯಲು ಸಂಕೋಚ. ಹೋದರೆ ತನ್ನ ವರ್ಗದ ವಿದ್ವಾಂಸರು ಏನೆಂದಾರೋ ಎಂಬ ಅಂಜಿಕೆ. ಎರಡು ಗುಂಪುಗಳ ನಡುವೆ ಸಿಕ್ಕಿದ ಮನುಷ್ಯ ಹೇಳುವ ಸುಳ್ಳು ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ನಮ್ಮ ಸಭೆ ಸಮಾರಂಭಗಳಿಗೆ ಬಾರದವರ ತಲೆನೋವುಗಳೂ ಇದೇ ಜಾತಿಯವು.

ಗುಂಪು ಬದಲಾಯಿಸುವುದೆಂದರೆ ಅಂಗಿ ಬದಲಾಯಿಸಿದಂತಲ್ಲ. ಶ್ರೀನಿವಾಸಾಚಾರ್ಯರು ಸಂಸ್ಕೃತವನ್ನು ಬಿಡಲಿಲ್ಲ. ಅದರಲ್ಲಿ ಕಲಿತ ಶಾಸ್ತ್ರವನ್ನೇ ಕನ್ನಡಕ್ಕೆ ತಂದರು. 32 ಸಂಧಿಗಳ, ಭಾಮಿನೀ ಷಟ್ಪದಿಯ ‘ಹರಿಕಥಾಮೃತಸಾರ’ ಆದುದು ಹಾಗೆ. ಹಿಂದೆ ತಾವು ಹಳಿಯುತ್ತಿದ್ದ ಮಂದಿಗೆ ತಾವೇ ಅತ್ಯಂತ ದೊಡ್ಡ ಗ್ರಂಥವನ್ನು ಕೊಟ್ಟರು. 1755ರಲ್ಲಿ ವಿಜಯದಾಸರು ತೀರಿಕೊಂಡ ಮೇಲೆಯೂ, 1809ರಲ್ಲಿ ತಾವು ತೀರಿಕೊಳ್ಳುವವರೆಗೂ, ಅವರು ಆ ಗೋಷ್ಠಿಯವರಾಗಿಯೇ ಉಳಿದರು.

ಇದನ್ನು ಓದುವಾಗ ನನಗೆ ನೆನಪಾಗುವುದು ತುರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿದ ಮುಜಾಫರ್ ಶೆರೀಫ್ ಅವರು 1935ರಲ್ಲಿ ಪ್ರಕಟಿಸಿದ ಪ್ರಯೋಗ. ಕಗ್ಗತ್ತಲೆಯ ಕೋಣೆಯಲ್ಲಿ ಒಂದು ಬೆಳಕಿನ ಚುಕ್ಕೆಯನ್ನು ನೋಡುತ್ತಿದ್ದರೆ ಅದು ಅಲುಗಾಡಿದಂತೆ ಭಾಸವಾಗುತ್ತದೆ, ನಿಜಕ್ಕೂ ಅಲುಗಾಡುವುದಿಲ್ಲ. ಎಷ್ಟು ಸರಿಯಿತೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಳತೆ. ಕೂಡಿ ಕುಳಿತು ಹೇಳಿದಾಗ ಮಾತ್ರ ಎಲ್ಲರ ಅಳತೆಯೂ ಮೆಲ್ಲಮೆಲ್ಲನೆ ಒಂದಕ್ಕೊಂದು ಹತ್ತಿರ ಬರುತ್ತದೆ. ಆಮೇಲೆ ಪುನಃ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೂ ಅವರು ಗುಂಪಿನ ಅಳತೆಯನ್ನು ಬಿಡುವುದಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಯಾರ ಕೈಯಲ್ಲೂ ಕತ್ತಿ ಇರಲಿಲ್ಲ. ಕೃಷ್ಣೆಯ ದಡದಲ್ಲಿ ತಿರುಗಿದವರು ಗಂಟೆಯೊಳಗೆ ತಿರುಗಿದರು, ಆದರೆ ಕತ್ತಿ ಕಣ್ಮರೆಯಾದರೆ ಮತ್ತೆ ಓಡಿಯಾರು. ಗೋಷ್ಠಿಯಲ್ಲಿ ತಿರುಗಿದವರಿಗೆ ವರ್ಷಗಳೇ ಹಿಡಿಯುತ್ತವೆ; ಒಂಟಿಯಾಗಿದ್ದಾಗಲೂ ಅವರು ಅದೇ ತಾಳಕ್ಕೆ ನಡೆಯುತ್ತಾರೆ. ದಾಸರ ಅಂಕಿತವನ್ನೇ ನೋಡಿರಿ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಮೊದಲ ಅರ್ಧ ಅವರವರದು, ಉಳಿದ ಅರ್ಧ ಎಲ್ಲರದು.

ಗೋಷ್ಠಿಗೂ ಅದರ ದೋಷ ಇಲ್ಲದಿಲ್ಲ. ತಮ್ಮ ಅಳತೆಯೇ ಅಳತೆ ಎಂಬ ಬಿಗುಮಾನ ಶ್ರೀನಿವಾಸಾಚಾರ್ಯರನ್ನು ಮೊದಲು ತಡೆದ ವಿದ್ವಾಂಸರ ಗುಂಪಿನಲ್ಲಿ ಇದ್ದಂತೆ ಭಜನೆಯ ಗುಂಪಿನಲ್ಲಿಯೂ ಬಂದು ಸೇರಬಲ್ಲದು. ನಮ್ಮ ಸೀಮೆಗೆ ಇದಕ್ಕೆ ಮದ್ದಾಗಿ ಒದಗಿದುದು ಒಬ್ಬನೇ ಹಲವು ಗುಂಪುಗಳಲ್ಲಿ ಇರುವ ರೂಢಿ. ಮೊಹರಂ ಬಂದಿತೆಂದರೆ ಮುದಗಲ್ಲಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಆ ರಾತ್ರಿ ಕುಣಿಯ ಸುತ್ತ ಕುಣಿದವನು ಶನಿವಾರ ಹನುಮಪ್ಪನ ಗುಡಿಯ ಭಜನೆಯಲ್ಲಿ ತಾಳ ಹಿಡಿದಿರುತ್ತಾನೆ. ಅವನಿಗೆ ‘ನಮ್ಮ ಮಂದಿ’ ಎಂದರೆ ಯಾರೆಂದು ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಬರುವುದಿಲ್ಲ.

ಮಾನ್ವಿಯಲ್ಲಿ ಜಗನ್ನಾಥದಾಸರ ಮನೆಯ ಕಂಬದಲ್ಲಿ ಅವರು ಸನ್ನಿಹಿತರಾಗಿದ್ದಾರೆಂದು ನಂಬುವವರು ಭಾದ್ರಪದ ಶುದ್ಧ ನವಮಿಯ ಆರಾಧನೆಗೆ ಅಲ್ಲಿ ಸೇರುತ್ತಾರೆ. ಹರಿಕಥಾಮೃತಸಾರವನ್ನು ಊರೂರಿನ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಸುತ್ತ ಕುಳಿತು ಹೇಳಿಕೊಳ್ಳುವುದುಂಟು. ಅದರ ಷಟ್ಪದಿ ಎಲ್ಲರಿಗೂ ಪೂರ್ತಿ ಬಾಯಿಗೆ ಬಂದಿರುವುದಿಲ್ಲ. ಒಬ್ಬರಿಗೆ ಸಾಲು ಮರೆತು ದನಿ ತಗ್ಗಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಮುಂದಿನ ಸಾಲಿಗೆ ಅವರ ದನಿ ತಗ್ಗುವಷ್ಟರಲ್ಲಿ ಮೊದಲಿನವರಿಗೆ ನೆನಪು ಬಂದಿರುತ್ತದೆ. ಹೊರಗಿನಿಂದ ಕೇಳುವವರಿಗೆ ಎಲ್ಲಿಯೂ ಹಾಡು ನಿಂತಂತೆ ತಿಳಿಯುವುದಿಲ್ಲ.